ಕಂಪ್ಯೂಟರಿನೊಳಗೆ ಬಂದ ಬೀಗರು

2016ರ ಆಗಸ್ಟ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಶಾಹಿಸ್ತಾ ನದಾಫ ಬೆಟಗೇರಿಯ ಒಂದು ಮುದ್ರಣಾಲಯದ ಪಡಸಾಲೆಯಲ್ಲಿ ನೆಲಕ್ಕೆ ಕುಳಿತು, ಹಳೆಯ ಕಂಪ್ಯೂಟರಿನ ಮಗ್ಗುಲ ತಗಡನ್ನು ಬಿಚ್ಚಿ, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡುತ್ತಿದ್ದರು. ಆ ಕಂಪ್ಯೂಟರಿನ ಮುಂದೆ ಹದಿಮೂರು ವರ್ಷದಿಂದ ಕುಳಿತು ಬಂದಿದ್ದ ಹೊಳೆಯಪ್ಪ, ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದ್ದರು.

“ಏನಂತೈತಿ?” ಎಂದು ಅವರು ಕೇಳಿದರು.

“ಬೋರ್ಡಿನ ಮ್ಯಾಲ ನಾಕ ಕೆಪಾಸಿಟರ್ ಡಬ್ಬಿ ಉಬ್ಬ್ಯಾವರಿ, ಕಾಕಾ.”

“ಉಬ್ಬಿದ್ರ?”

“ಇವತ್ತ ಚಾಲೂ ಆಗೈತಿ. ನಾಳೆ ಗೊತ್ತಿಲ್ಲ.”

ಇದು ಶಾಹಿಸ್ತಾ ಅವರು ಮಾತಾಡುವ ರೀತಿ. ತಮಗೆ ತಿಳಿದಷ್ಟನ್ನು ಹೇಳಿ ಅಲ್ಲಿಗೆ ನಿಲ್ಲಿಸುತ್ತಾರೆ. ಧೈರ್ಯ ತುಂಬಲಿಕ್ಕೆಂದು ಒಂದು ಮಾತು ಜಾಸ್ತಿ ಆಡುವುದಿಲ್ಲ. ಹೆದರಿಸುವುದಕ್ಕೂ ಆಡುವುದಿಲ್ಲ.

ಅವರು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ತಂದೆ ಮಾಶಾಕ ಗಾದಿ ಹೊಲಿಯುವವರು, ತಾಯಿ ಅಲ್ಮಾಸಬಿ ದಿಂಬಿನ ಗವಸು ಹೊಲಿಯುವವರು. ಮನೆಯಲ್ಲಿ ಯಾವಾಗಲೂ ಹತ್ತಿಯ ಎಳೆ ಹಾರಾಡುತ್ತಿದ್ದುದರಿಂದ ಮಗಳು ಓದಲಿಕ್ಕೆ ಮಾಳಿಗೆ ಹತ್ತುತ್ತಿದ್ದಳು. ಗದಗ ಬೇರೆ ಜಿಲ್ಲೆಯಾದ ವರ್ಷ ಆಕೆ ಹೈಸ್ಕೂಲಿನಲ್ಲಿದ್ದಳು. ಮುಂದೆ ಗದಗಿನ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದಳು. ಶಿರಹಟ್ಟಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸಿದಳು, ಆಮೇಲೆ ಮುಂಡರಗಿಯ ಖಾಸಗಿ ಶಾಲೆಯೊಂದರಲ್ಲಿ. ಮೋಟಾರ್ ರಿವೈಂಡಿಂಗ್ ಅಂಗಡಿಯ ತನ್ವೀರ ಅವರನ್ನು ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ಈ ಮುದ್ರಣಾಲಯ ಸೇರಿದರು. ಪ್ರೂಫ್ ನೋಡುವುದು, ಕಂಪ್ಯೂಟರ್ ಕೆಟ್ಟರೆ ಸರಿಮಾಡುವುದು ಅವರ ಕೆಲಸ.

ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ ಒಂದು ಅಭ್ಯಾಸವನ್ನು ಅವರು ಬಿಡಲಿಲ್ಲ. ಏನನ್ನಾದರೂ ಬದಲಿಸಬೇಕೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅದನ್ನೂ ಕೆಟ್ಟರೆ ನಷ್ಟವಾಗದ ಕಡೆ ಮೊದಲು ಮಾಡಿ ನೋಡಬೇಕು. ಹೊಸ ಅಂಗಡಿಯ ಅಕ್ಕಿ ಮನೆಗೆ ಬಂದರೆ ಮೊದಲ ದಿನ ಚಿಕ್ಕ ಪಾತ್ರೆಯಲ್ಲಿ ಒಂದು ಮುಷ್ಟಿ ಬೇಯಿಸುತ್ತಾರೆ. ಅತ್ತೆ ರೋಶನಬಿ ಇದಕ್ಕೆ ‘ಅಕ್ಕಿ ಪರೀಕ್ಷಾ’ ಎಂದು ಹೆಸರಿಟ್ಟಿದ್ದರು. ಬೀದಿಯವರು “ಇವತ್ತ ಅಕ್ಕಿ ಪಾಸಾತೇನು?” ಎಂದು ಕೇಳುವಷ್ಟು ಆ ಹೆಸರು ಹರಡಿತ್ತು.

ಮುದ್ರಣಾಲಯದ ಒಡತಿ ನೀಲಗಂಗವ್ವ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು. ಯಂತ್ರಗಳಿದ್ದದ್ದು ಹಿತ್ತಲ ತಗಡಿನ ಶೆಡ್ಡಿನಲ್ಲಿ, ಕಂಪ್ಯೂಟರ್ ಇದ್ದದ್ದು ಅವರ ಮನೆಯ ಪಡಸಾಲೆಯಲ್ಲಿ. ಶಿರಹಟ್ಟಿ ಕಡೆಯ ಸಹಕಾರಿ ಸಂಘಗಳ ವಾರ್ಷಿಕ ವರದಿ, ಮುಂಡರಗಿಯ ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಉರುಸಿನ ಕರಪತ್ರ, ಎಲ್ಲವೂ ಇಲ್ಲಿಯೇ ಆಗುತ್ತಿದ್ದವು. ಎಲ್ಲದರ ಕನ್ನಡವೂ ಹೊಳೆಯಪ್ಪನವರ ಬೆರಳಿನಿಂದ ಹೊರಡುತ್ತಿತ್ತು.

ಹೊಳೆಯಪ್ಪ ಅಂತೂರ ಬೆಂತೂರಿನವರು, ದಿನಾ ಬಸ್ಸಿಗೆ ಬರುತ್ತಿದ್ದರು. ಆಗ ಅವರಿಗೆ ಐವತ್ತೆಂಟು. ಹುಡುಗನಾಗಿದ್ದಾಗ ಸೀಸದ ಅಚ್ಚುಮೊಳೆ ಜೋಡಿಸಲು ಸೇರಿ, ಮೊಳೆಯ ಕಾಲ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತವರು. ಅವರು ಕಲಿತದ್ದು ಒಂದೇ ತಂತ್ರಾಂಶ, ಒಂದೇ ಕೀಲಿಮಣೆ ವಿನ್ಯಾಸ. ಆ ತಂತ್ರಾಂಶ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತಿತ್ತು. ನಡೆಯಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಬೆರಳುದ್ದದ ಒಂದು ಡಾಂಗಲ್ ಚುಚ್ಚಿರಬೇಕಿತ್ತು. ಅದನ್ನು ಪ್ರೆಸ್ಸಿನವರೆಲ್ಲ ಕೀಲಿ ಎನ್ನುತ್ತಿದ್ದರು. ಕೀಲಿ ಎಂದ ಮೇಲೆ ಕೀಲಿಯೇ ಎಂದುಕೊಂಡು ನೀಲಗಂಗವ್ವ ಅದಕ್ಕೊಂದು ದಾರ ಕಟ್ಟಿ, ಸಂಜೆಯಾದರೆ ಬಿಚ್ಚಿ ತಿಜೋರಿಯ ಕೀಲಿಗೊಂಚಲಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು.

ಅವರ ಮಗ ಸುಭಾಷನಿಗೆ ಇದೆಲ್ಲ ಹಳತಾಗಿ ಕಾಣುತ್ತಿತ್ತು. ಅವನು ಒಂದು ಹೊಸ ಕಂಪ್ಯೂಟರ್ ತಂದಿದ್ದ. ಅದರಲ್ಲಿ ಬಣ್ಣದ ಬ್ಯಾನರ್, ಪೋಸ್ಟರ್ ವಿನ್ಯಾಸ ಮಾಡುತ್ತಿದ್ದ. ಹಗಲು ಗಿರಾಕಿಗಳನ್ನು ಹುಡುಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ ತಿರುಗಿ ಸಂಜೆ ಬಂದು ಕೂರುತ್ತಿದ್ದ. ಹಳೆಯ ಕಂಪ್ಯೂಟರಿನ ಡಬ್ಬಿಗಳು ಉಬ್ಬಿದ ಸುದ್ದಿ ಕೇಳಿ ಅವನು ಅಂದೇ ಸಂಜೆ ಹೇಳಿದ: “ಹುಬ್ಬಳ್ಳ್ಯಾಗ ಒಬ್ಬಾಂವ ಆಪರೇಟರ್ ಅದಾನವ್ವಾ. ಹೊಸಾ ಸಾಫ್ಟ್‌ವೇರ್ ಎಲ್ಲಾ ಬರತೈತಿ, ಡಿಸೈನೂ ಮಾಡ್ತಾನ, ಕನ್ನಡಾನೂ ಹೊಡೀತಾನ. ಒಂದನೇ ತಾರೀಖಿಗೆ ಬಾ ಅಂತೀನಿ.”

“ಹೊಳೆಪ್ಪಣ್ಣ?” ಎಂದರು ನೀಲಗಂಗವ್ವ.

“ಕಾಕಾಗ ಹೊಸಾದು ಕಲಸಾಕ ನೋಡಿದೆನಲ್ಲ.”

ಅದು ನಿಜವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಹೊಳೆಯಪ್ಪ ಹೊಸ ಕೀಲಿಮಣೆ ವಿನ್ಯಾಸ ಕಲಿಯಲು ಕುಳಿತಿದ್ದರು. ಬೆರಳು ತಾವಾಗಿಯೇ ಹಳೆಯ ಜಾಗಕ್ಕೆ ಹೋಗುತ್ತಿದ್ದವು. ‘ಅಧ್ಯಕ್ಷರು’ ಎಂದು ಹೊಡೆದರೆ ತೆರೆಯ ಮೇಲೆ ಓದಲಾಗದ್ದೇನೋ ಮೂಡುತ್ತಿತ್ತು. ಎಂಟು ಹತ್ತು ದಿನ ನೋಡಿ, “ನನ್ನ ಬಳ್ಳು ನನ್ನ ಮಾತ ಕೇಳವಲ್ಲವು” ಎಂದು ಎದ್ದಿದ್ದರು.

ಹಳೆಯ ಕಂಪ್ಯೂಟರ್ ನಿಂತರೆ ಹೊಳೆಯಪ್ಪನವರಿಗೆ ಅಲ್ಲಿ ಕೆಲಸವಿಲ್ಲ. ಆ ಪಡಸಾಲೆಯಲ್ಲಿದ್ದ ನಾಲ್ವರಿಗೂ ಇದು ಗೊತ್ತಿತ್ತು. ಶಾಹಿಸ್ತಾ ಪ್ರೂಫಿನ ಹಾಳೆ ಮಡಚಿಟ್ಟು, “ಒಂದನೇ ತಾರೀಖಿನ ತನಕ ನನಗ ಟೈಮ್ ಕೊಡ್ರಿ” ಎಂದರು.

“ಏನ ಮಾಡ್ತೀರಿ ಅಕ್ಕಾ?” ಎಂದ ಸುಭಾಷ.

“ಹಳೇ ಕಂಪ್ಯೂಟರನ್ನ ನಿಮ್ಮ ಹೊಸಾ ಕಂಪ್ಯೂಟರಿನ ಒಳಗ ಕುಂಡ್ರಸಾಕ ಬರತೈತೇನು ನೋಡ್ತೀನಿ.”

ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದಂತೆಯೇ ನಡೆಸುವ ತಂತ್ರಾಂಶಗಳಿವೆ. ಒಳಗಿನ ಕಂಪ್ಯೂಟರಿಗೆ ಪೆಟ್ಟಿಗೆ ಇಲ್ಲ, ಬೋರ್ಡಿಲ್ಲ. ಹೊಸ ತೆರೆಯ ಮೇಲೆ ಒಂದು ಕಿಟಕಿ ತೆರೆದು, ಅದರಲ್ಲಿ ಹಳೆಯ ಎಕ್ಸ್‌ಪಿ ಇಡಿಯಾಗಿ ಓಡುತ್ತದೆ. ಹೊಸದರ ಮೆಮರಿಯಲ್ಲಿ ಒಂದಿಷ್ಟನ್ನು ಅದಕ್ಕೆ ಬಿಟ್ಟುಕೊಡಬೇಕು, ಅಷ್ಟೆ. ಇಂಥ ತಂತ್ರಾಂಶ ಒಂದಲ್ಲ, ಹಲವು ಇದ್ದವು. ಯಾವುದು ಈ ಪ್ರೆಸ್ಸಿಗೆ ಹೊಂದುತ್ತದೆ ಎಂಬುದನ್ನು ಶಾಹಿಸ್ತಾ ಮೊದಲು ಮನೆಯಲ್ಲಿ, ತಮ್ಮದೇ ಲ್ಯಾಪ್‌ಟಾಪಿನಲ್ಲಿ ನೋಡಲು ನಿರ್ಧರಿಸಿದರು.

ತನ್ವೀರ ಚಹಾ ಕುಡಿಯುತ್ತ ಹಿಂದಿನಿಂದ ಇಣುಕಿದರು. “ಒಂದರ ಹೊಟ್ಟ್ಯಾಗ ಇನ್ನೊಂದು? ನನ್ನ ಅಂಗಡ್ಯಾಗ ಮೋಟಾರಿನ ಹೊಟ್ಟ್ಯಾಗ ಮೋಟಾರ್ ಇಟ್ರ ಎರಡೂ ಸುಡ್ತಾವು.”

“ಸುಟ್ರ ನಮ್ಮ ಲ್ಯಾಪ್‌ಟಾಪ್ ಸುಡಲಿ. ಪ್ರೆಸ್ಸಿಂದು ಬ್ಯಾಡ.”

“ಅಂದ್ರ ನಾವು ಇವತ್ತ ಒಂದ ಮುಷ್ಟಿ ಅಕ್ಕಿ,” ಎಂದರು ತನ್ವೀರ.

ಅವರು ಆಯ್ಕೆಗೆ ಹಿಡಿದದ್ದು ಮೂರು ಮಾತು. ಪ್ರೆಸ್ಸಿನಲ್ಲಿ ಬಳಸಲು ಕಾಯಿದೆಯ ಅಡ್ಡಿ ಇರಬಾರದು. ಚುಚ್ಚಿದ ಕೀಲಿ ಒಳಗಿನ ಕಂಪ್ಯೂಟರಿಗೆ ಕಾಣಬೇಕು. ಮತ್ತು ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ದಾರಿಯಿರಬೇಕು. ಮೂರನೆಯದನ್ನೇ ಅವರು ಹೆಚ್ಚು ತೂಗಿದರು. ಮುಂದೆ ಅದರ ಮುಂದೆ ಕೂರುವವರು ಹೊಳೆಯಪ್ಪ, ಹೊಳೆಯಪ್ಪ ಯಾವ ಗುಂಡಿ ಒತ್ತುತ್ತಾರೆಂದು ಯಾರೂ ಹೇಳುವಂತಿರಲಿಲ್ಲ.

ಮೈಕ್ರೋಸಾಫ್ಟಿನವರದೇ ಹೈಪರ್-ವಿ ಮೊದಲ ಸುತ್ತಿನಲ್ಲೇ ಹೊರಗಾಯಿತು. ಸುಭಾಷನ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸಿನ ಹೋಮ್ ಆವೃತ್ತಿ, ಅದರಲ್ಲಿ ಆ ಸೌಲಭ್ಯ ಕೊಟ್ಟಿರಲಿಲ್ಲ. ಇದ್ದರೂ ಹೊರಗೆ ಚುಚ್ಚಿದ ಕೀಲಿಯನ್ನು ಅದು ಒಳಕ್ಕೆ ದಾಟಿಸುತ್ತಿರಲಿಲ್ಲ. ವಿಎಂವೇರ್ ಪ್ಲೇಯರ್ ಚೆನ್ನಾಗಿ ನಡೆಯಿತು. ಆದರೆ ಅದು ಪುಕ್ಕಟೆ ಸಿಗುತ್ತಿದ್ದದ್ದು ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಾದರೆ ಲೈಸೆನ್ಸ್ ಕೊಳ್ಳಬೇಕು. ಸ್ಥಿತಿಯನ್ನು ಗುರುತು ಮಾಡಿಟ್ಟು ಹಿಂದಕ್ಕೆ ಬರುವ ಸೌಲಭ್ಯವೂ ಆ ಆವೃತ್ತಿಯಲ್ಲಿರಲಿಲ್ಲ.

ಇದನ್ನು ಮರುದಿನ ಪ್ರೆಸ್ಸಿನಲ್ಲಿ ವಿವರಿಸಿದಾಗ ನೀಲಗಂಗವ್ವ ಸುತ್ತ ಒಮ್ಮೆ ಕಣ್ಣಾಡಿಸಿದರು. ಒಂದು ಗೋಡೆಗೆ ಕಂಪ್ಯೂಟರ್, ಎದುರಿನ ಗೋಡೆಗೆ ತೊಟ್ಟಿಲ ಕೊಂಡಿ, ನಡುವೆ ಒಣಗಲು ಹರವಿದ ಶೇಂಗಾ.

“ಮನ್ಯಾಗ ಬಳಸಿದ್ರ ಪುಕ್ಕಟ ಅಂದಿ. ಇದು ಮನಿ ಅಲ್ಲೇನ?”

“ಮನಿ ಖರೆರಿ ಅವ್ವಾರ. ಆದ್ರ ಕೆಲಸ ಪ್ರೆಸ್ಸಿಂದಲ್ಲ?”

“ಅವರೇನ ಬಂದ ನೋಡ್ತಾರ? ಬಂದ್ರ ನಾ ಶೇಂಗಾ ತೋರಸ್ತೀನಿ.”

ಶಾಹಿಸ್ತಾ ನಕ್ಕರು, ಆದರೆ ತಲೆಯಾಡಿಸಲಿಲ್ಲ. ಉಳಿದದ್ದು ವರ್ಚುವಲ್‌ಬಾಕ್ಸ್. ಅದರ ಮೂಲ ಭಾಗವನ್ನು ಯಾರು ಬೇಕಾದರೂ, ಅಂಗಡಿಯವರೂ ಬಳಸಬಹುದಿತ್ತು. ಗುರುತಿಟ್ಟು ಹಿಂದಕ್ಕೆ ಮರಳುವ ಸೌಲಭ್ಯ ಅದರಲ್ಲಿತ್ತು. ಒಂದೇ ತೊಡಕು: ವೇಗದ ಯುಎಸ್‌ಬಿ ಸಾಧನಗಳನ್ನು ಬಳಸಲು ಬೇರೆ ಒಂದು ಸೇರ್ಪಡೆ ಬೇಕು, ಆ ಸೇರ್ಪಡೆಗೆ ವ್ಯಾಪಾರದವರು ಅನುಮತಿ ಪಡೆಯಬೇಕು. ಶಾಹಿಸ್ತಾ ಕೀಲಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಅದು ಹಳೆಯ ಕಾಲದ ನಿಧಾನಗತಿಯ ಸಾಧನ, ಅದಕ್ಕೆ ವೇಗವೇ ಬೇಕಿರಲಿಲ್ಲ. ಹಾಗಾಗಿ ಸೇರ್ಪಡೆ ಇಲ್ಲದೆಯೇ ನಡೆಯಬೇಕು. ನಡೆಯುತ್ತದೋ ಇಲ್ಲವೋ ಎಂಬುದನ್ನು ಮನೆಯಲ್ಲಿ ನೋಡುವಂತಿರಲಿಲ್ಲ, ಏಕೆಂದರೆ ನೀಲಗಂಗವ್ವ ಕೀಲಿಯನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಮುಂದಿನ ಪರೀಕ್ಷೆಗಳು ಪಡಸಾಲೆಯಲ್ಲಿ, ಸುಭಾಷ ಊರಲ್ಲಿಲ್ಲದ ಹೊತ್ತಿನಲ್ಲಿ, ಅವನ ಕಂಪ್ಯೂಟರಿನಲ್ಲೇ ನಡೆದವು. ಹೊಳೆಯಪ್ಪ ಪಕ್ಕದಲ್ಲಿ ಕುಳಿತರು. ಇಂಗ್ಲಿಷ್ ಪುಟಗಳಲ್ಲಿ ಹೊರಗಿನ ಕಂಪ್ಯೂಟರಿಗೆ ‘ಹೋಸ್ಟ್’ ಎಂದೂ ಒಳಗಿನದಕ್ಕೆ ‘ಗೆಸ್ಟ್’ ಎಂದೂ ಬರೆದಿತ್ತು. ಶಾಹಿಸ್ತಾ ಅದನ್ನು ಹೀಗೆ ಹೇಳಿಕೊಟ್ಟರು: “ಇದು ಹೊಸಾದು, ಮನಿಯವರು ಅಂತ ತಿಳ್ಕೋರಿ. ಒಳಗ ನಿಮ್ಮ ಹಳೇದು ಬರತೈತಲ್ಲ, ಅವರು ಬೀಗರು.”

“ಬೀಗರು,” ಎಂದರು ಹೊಳೆಯಪ್ಪ ಗಂಭೀರವಾಗಿ. ಆಮೇಲೆ ಅವರ ಬಾಯಲ್ಲಿ ಬೇರೆ ಹೆಸರು ಬರಲಿಲ್ಲ. ಬೆಳಿಗ್ಗೆ ಬಂದವರೇ “ಬೀಗರು ಎದ್ದಾರೇನು?” ಎಂದು ಕೇಳುತ್ತಿದ್ದರು. ಊಟದ ಹೊತ್ತಿಗೆ ಮುಚ್ಚುವಾಗ “ಬೀಗರು ಸ್ವಲ್ಪ ಮಲಗಲಿ” ಎನ್ನುತ್ತಿದ್ದರು.

ಕೀಲಿ ಒಳಗೆ ಕಂಡಿತು. ಹಳೆಯ ತಂತ್ರಾಂಶ ತೆರೆಯಿತು. ಶಾಹಿಸ್ತಾ ಆ ಸ್ಥಿತಿಯ ಗುರುತೊಂದನ್ನು ಇಟ್ಟರು. ನಂತರ ಹೊಳೆಯಪ್ಪನವರ ಕಣ್ಣೆದುರಿಗೇ ಕನ್ನಡ ಅಕ್ಷರಗಳಿದ್ದ ಇಡೀ ಫೋಲ್ಡರನ್ನು ಅಳಿಸಿ ಹಾಕಿದರು.

“ಏ ಏ ಏ! ಏನ ಮಾಡಿದಿವಾ! ಅಕ್ಷರ ಹೋದುವಲ್ಲ!”

“ಹೋಗಲಿ, ನೋಡ್ರಿ.”

ಅವರು ಹಿಂದಿನ ಗುರುತಿಗೆ ಮರಳಿಸಿದರು. ಚಹಾ ಒಂದು ಗುಟುಕು ಇಳಿಯುವಷ್ಟರಲ್ಲಿ ಫೋಲ್ಡರ್ ಮೊದಲಿನಂತೆ ಬಂದು ಕುಳಿತಿತು. ಹೊಳೆಯಪ್ಪ ತೆರೆಯ ಹತ್ತಿರಕ್ಕೆ ಬಗ್ಗಿದರು. ಮೊಳೆಯ ಕಾಲದಲ್ಲಿ ಜೋಡಿಸಿದ ಪುಟ ಒಮ್ಮೆ ಕೈಜಾರಿ ಬಿದ್ದರೆ, ಮೊಳೆಗಳನ್ನು ಖಾನೆಗಳಿಗೆ ಹಿಂದಿರುಗಿಸಿ ಮೊದಲಿನಿಂದ ಜೋಡಿಸುವುದೊಂದೇ ದಾರಿ. ಅವರು ಹಾಗೆ ಬೀಳಿಸಿ ಬೈಸಿಕೊಂಡಿದ್ದರು.

“ಇನ್ನೊಮ್ಮಿ ಅಳಸ,” ಎಂದರು.

ಶಾಹಿಸ್ತಾ ಇನ್ನೊಮ್ಮೆ ಅಳಿಸಿ, ಮರಳಿಸಿ ತೋರಿಸಿದರು.

ಮುದ್ರಣದ ಪರೀಕ್ಷೆಯನ್ನು ಹೊಳೆಯಪ್ಪ ತಾವೇ ಮಾಡಿದರು. ಲಕ್ಷ್ಮೇಶ್ವರ, ಸ್ವಾತಂತ್ರ್ಯ, ಕಾರ್ಯದರ್ಶಿ ಎಂದು ಒತ್ತಕ್ಷರ ಮೇಲೆ ಕೆಳಗೆ ಸಿಕ್ಕಿಬೀಳುವ ಶಬ್ದಗಳಿಂದಲೇ ಒಂದು ಪುಟ ಹೊಡೆದರು. ಅದನ್ನು ಹಳೆಯದರಿಂದ ಒಮ್ಮೆ, ಹೊಸದರೊಳಗಿನ ಬೀಗರಿಂದ ಒಮ್ಮೆ ತೆಗೆದರು. ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಸಾಲಿನ ಮೇಲೆ ಸಾಲು, ಅರ್ಕಾವತ್ತಿನ ಮೇಲೆ ಅರ್ಕಾವತ್ತು ಕುಳಿತಿದ್ದವು. ಹಾಳೆ ಕೆಳಗಿಳಿಸಿ, “ಕೂಡ್ಯಾವು” ಎಂದಷ್ಟೇ ಅಂದು ಎಲೆ ಅಡಿಕೆಯ ಚೀಲ ಬಿಚ್ಚಿದರು.

ತಿಂಗಳ ಕೊನೆಯ ಶನಿವಾರ ಸಂಜೆ ನಾಲ್ಕಕ್ಕೆ ಸುಭಾಷನಿಗೆ ತೋರಿಸುವುದೆಂದು ನಿಶ್ಚಯವಾಯಿತು. ಅವನು ಒಂದು ಷರತ್ತು ಹಾಕಿದ್ದ. ಅವನ ದೊಡ್ಡ ಪೋಸ್ಟರ್ ಕಡತಗಳು ಹಗಲಿಡೀ ತೆರೆದೇ ಇರುತ್ತವೆ, ಅವನು ಹೊರಗೆ ಹೋದಾಗ ಹೊಳೆಯಪ್ಪ ಅದೇ ಕಂಪ್ಯೂಟರಿನಲ್ಲಿ ಕೆಲಸ ಮಾಡಲಿ, ಆದರೆ ತನ್ನ ಕೆಲಸಕ್ಕೆ ತ್ರಾಸ ಆಗಬಾರದು. ಹಾಗೇನಾದರೂ ಆದರೆ ಹುಬ್ಬಳ್ಳಿಯವನನ್ನು ಕರೆಸುವುದೇ ಸೈ. ಶಾಹಿಸ್ತಾ ಒಪ್ಪಿದ್ದರು. ಎರಡನ್ನೂ ಜೊತೆಗೆ ಓಡಿಸಿ ಅವರು ಆಗಲೇ ನೋಡಿದ್ದರು.

ನಾಲ್ಕಕ್ಕೆ ಸುಭಾಷ ಬಂದು ಒಂದು ಶಾಲೆಯ ಪೋಸ್ಟರ್ ತೆರೆದು, ಬಣ್ಣ ತಿದ್ದುತ್ತ, “ಹೂಂ, ಕರೀರಿ ನಿಮ್ಮ ಬೀಗರನ್ನ” ಎಂದ. ಶಾಹಿಸ್ತಾ ಒಳಗಿನ ಕಂಪ್ಯೂಟರನ್ನು ಚಾಲೂ ಮಾಡಿದರು. ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಬಂತು. ಹಳೆಯ ತಂತ್ರಾಂಶದ ಚಿತ್ರ ಅರ್ಧ ಮೂಡಿ ನಿಂತಿತು. ಬಾಣದ ಗುರುತು ಸರಿಯಲಿಲ್ಲ. ಡಿಸ್ಕಿನ ಕೆಂಪು ದೀಪ ಆರದೆ ಉರಿಯತೊಡಗಿತು. ಎಲ್ಲರೂ ಕಾದರು. ಶೆಡ್ಡಿನಲ್ಲಿ ಯಂತ್ರ ತಿರುಗುವ ಸದ್ದು ಮಾತ್ರ ಇತ್ತು. ಹದಿನೈದು ನಿಮಿಷವಾದರೂ ದೀಪ ಆರದಿದ್ದಾಗ ಸುಭಾಷ ಗುಂಡಿ ಒತ್ತಿ ಹಿಡಿದು ಕಂಪ್ಯೂಟರನ್ನೇ ಆರಿಸಿದ. ಮತ್ತೆ ಹಚ್ಚಿದಾಗ ಪೋಸ್ಟರಿನಲ್ಲಿ ಆವತ್ತು ಮಾಡಿದ್ದ ಬಣ್ಣವೆಲ್ಲ ಹೋಗಿತ್ತು.

“ಆತಲ್ಲ?” ಎಂದ. ದನಿ ಏರಿಸಲಿಲ್ಲ. “ಅಕ್ಕಾ, ನೀವ ಬಾಳ ಕಷ್ಟಪಟ್ಟೀರಿ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದರಾಗ ನನ್ನ ಕೆಲಸ ಮುಳಗತೈತಿ. ಸೋಮವಾರ ಅವಗ ಫೋನ್ ಮಾಡ್ತೀನಿ.”

ಹೊಳೆಯಪ್ಪ ಕುರ್ಚಿಯ ಹಿಡಿಕೆಯ ಮೇಲಿನ ತಮ್ಮ ಟವೆಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

ಶಾಹಿಸ್ತಾ ತೆರೆಯ ಮುಂದೆ ಕುಳಿತರು. ನಿನ್ನೆ ನಡೆದದ್ದು ಇವತ್ತು ನಡೆದಿಲ್ಲವೆಂದರೆ ನಡುವೆ ಏನೋ ಒಂದು ಬದಲಾಗಿರಬೇಕು. ಒಳಗಿನ ಕಂಪ್ಯೂಟರಿನ ಹೊಂದಿಕೆಯ ಪುಟ ತೆರೆದರು. ಸುಭಾಷನ ಯಂತ್ರದಲ್ಲಿ ಒಟ್ಟು ಮೆಮರಿ ನಾಲ್ಕು ಜಿಬಿ. ಅದರಲ್ಲಿ ಮೂರು ಜಿಬಿ ಒಳಗಿನವರ ಹೆಸರಿಗೆ ಬರೆದಿತ್ತು. ಉಳಿದ ಒಂದರಲ್ಲಿ ಹೊಸ ವಿಂಡೋಸ್, ಸುಭಾಷನ ಪೋಸ್ಟರ್, ಎಲ್ಲ ಇಕ್ಕಟ್ಟಾಗಿ ಉಸಿರುಗಟ್ಟಿದ್ದವು. ಆ ಅಂಕಿಯನ್ನು ಅವರು ಬರೆದಿರಲಿಲ್ಲ.

ಆ ಪುಟದ ಬಗ್ಗೆ ತಿಳಿದ ಇನ್ನೊಬ್ಬರು ಆ ಕೋಣೆಯಲ್ಲಿ ಒಬ್ಬರೇ. ಶಾಹಿಸ್ತಾ ತಿರುಗಿ ನೋಡಲಿಲ್ಲ. ಹೇಳಿದರೆ ಸುಭಾಷನಿಗೆ ಇನ್ನೊಂದು ಕಾರಣ ಸಿಗುತ್ತಿತ್ತು. ಹೇಳದಿದ್ದರೆ ತಂತ್ರಾಂಶವೇ ಕೆಟ್ಟದ್ದೆಂದು ಸುಳ್ಳು ತೀರ್ಮಾನವಾಗುತ್ತಿತ್ತು. ಅವರು ಬೆರಳನ್ನು ತೆರೆಯ ಮೇಲಿಟ್ಟು, “ಇಲ್ಲಿ ಮೆಮರಿ ಹೆಚ್ಚಾಗೈತಿ. ತಪ್ಪು ಇದೊಂದ” ಎಂದಷ್ಟೇ ಹೇಳಿದರು.

“ಯಾರ ಮಾಡಿದ್ರು?” ಎಂದ ಸುಭಾಷ.

“ನಾನ ಮಾಡೇನಿ,” ಎಂದರು ಹೊಳೆಯಪ್ಪ.

ಎಲ್ಲರೂ ಅವರ ಕಡೆ ನೋಡಿದರು.

“ಮಧ್ಯಾಹ್ನ ಶಾಹಿಸ್ತಾ ಮನಿಗೆ ಉಣ್ಣಾಕ ಹೋಗಿದ್ಲು. ಬೀಗರ ಪಾಲು ಎಲ್ಲಿ ಇಡೂದು ಅಂತ ಮೊನ್ನೆ ಆಕಿನ ತೋರಿಸಿದ್ಲು. ನೋಡಿದೆ, ಕಡ್ಡಿ ತುದಿಗೆ ಒಂಚೂರ ಇತ್ತು. ನಾಲ್ಕಕ್ಕ ನೀ ಬರಾಂವ, ನಿನ್ನ ಮುಂದ ಬೀಗರಿಗೆ ಕಮ್ಮಿ ಬಿದ್ರ ಚಲೋ ಕಾಣತೈತೇನು? ಅದಕ್ಕ ಎಳದೆ. ಹಳದಿ ಬಣ್ಣದಾಗ ಇಂಗ್ಲಿಷ್ ಏನೋ ಬರದಿತ್ತು. ಸಾಕು ಸಾಕು ಅಂತ ಉಪಚಾರಕ್ಕ ಅಂತಿರಬೇಕು ಅಂದಕೊಂಡೆ.”

ಮೊದಲು ನಕ್ಕವರು ನೀಲಗಂಗವ್ವ. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಸುಭಾಷ ತಡೆದುಕೊಂಡು, “ಕಾಕಾ, ಮನಿಯವರಿಗೆ ಏನ ಉಳಿಸಿದ್ರಿ?” ಎಂದ.

“ಮನಿಯವರು ಆಮ್ಯಾಲ ಉಣ್ತಾರಲೋ ತಮ್ಮಾ. ಬೀಗರನ್ನ ಬಿಟ್ಟ ಮೊದಲ ಉಂಡವರನ್ನ ಎಲ್ಲೆರ ನೋಡಿಯೇನು?”

“ವರ್ಷಾ ಹಿಂಗ ಬೀಗರ ಬಂದ್ರ ಮನಿಯವರು ಹೆಣಾ ಆಗ್ತಾರಲ್ರಿ!”

“ಅದು ನಿಮ್ಮವ್ವನ್ನ ಕೇಳು. ಆಕಿ ಅಣ್ಣತಮ್ಮರು ಎಷ್ಟು ಮಂದಿ ಬರತಿದ್ರು!”

“ಏ ಹೊಳೆಪ್ಪಣ್ಣ, ನಮ್ಮ ತವರಿನ ಸುದ್ದಿ ಯಾಕ ತಗೀತಿ?” ಎಂದರು ನೀಲಗಂಗವ್ವ, ಕಣ್ಣೊರೆಸಿಕೊಳ್ಳುತ್ತ.

“ಮತ್ತ ಏನ ವೈನಿ, ಖರೆ ಹೇಳಿದ್ರ ಸಿಟ್ಟ.”

ನಗು ಇಳಿದ ಮೇಲೆ ಶಾಹಿಸ್ತಾ ಹೇಳಿದರು: “ಕಾಕಾರ ತಪ್ಪಲ್ಲ ಇದು. ನಾ ಬೀಗರು ಅಂದೆ, ಅವರು ಬೀಗರಿಗೆ ಮಾಡೂದನ್ನ ಮಾಡ್ಯಾರ. ಬೀಗರು ಅನ್ನಬಾರದಿತ್ತು. ಬಾಡಿಗಿಯವರು ಅನ್ನಬೇಕಿತ್ತು.”

ಹೊಳೆಯಪ್ಪ ಸ್ವಲ್ಪ ಯೋಚಿಸಿ, ಟವೆಲನ್ನು ಮತ್ತೆ ಹಿಡಿಕೆಯ ಮೇಲೆ ಹಾಕಿದರು. “ಬಾಡಿಗಿಯವರಿಗಾದ್ರ ಒಂದ ಖೋಲಿ ಸಾಕಲ್ಲ. ಮೊದಲ ಹೇಳಬಾರದ?”

ಸುಭಾಷನ ಮುಖದಲ್ಲಿ ಈಗ ಬೇಸರವಿರಲಿಲ್ಲ, ಆದರೆ ಅನುಮಾನವಿತ್ತು. ಅವನ ಪೋಸ್ಟರ್ ಹೋಗಿತ್ತು, ಹುಬ್ಬಳ್ಳಿಯವನ ನಂಬರು ಅವನ ಫೋನಿನಲ್ಲಿತ್ತು. “ಇನ್ನೊಮ್ಮಿ ನೋಡೂಣು,” ಎಂದ. “ನಾ ಅದ ಪೋಸ್ಟರ್ ಮಾಡ್ತೀನಿ. ಕಾಕಾ ಬಾಜೂಕ ಕುಂತು ತಮ್ಮ ಕೆಲಸಾ ಮಾಡ್ಲಿ.”

ಹಾಗೆಯೇ ಮಾಡಿದರು. ಶಾಹಿಸ್ತಾ ಮೆಮರಿಯನ್ನು ತಾವು ಮೊದಲು ಇಟ್ಟಿದ್ದ ಅರ್ಧ ಜಿಬಿಗೆ ಇಳಿಸಿ, ಬೇರೇನನ್ನೂ ಮುಟ್ಟದೆ, ಇಟ್ಟ ಗುರುತಿಗೆ ಮರಳಿಸಿ ಚಾಲೂ ಮಾಡಿದರು. ಒಂದೇ ತೆರೆ, ಒಂದೇ ಕೀಲಿಮಣೆ. ಸುಭಾಷ ಸ್ವಲ್ಪ ಬಣ್ಣ ತಿದ್ದುವುದು, ಕುರ್ಚಿ ಬಿಟ್ಟುಕೊಡುವುದು, ಹೊಳೆಯಪ್ಪ ಸಹಕಾರಿ ಸಂಘದ ವರದಿಯಲ್ಲಿ ಒಂದು ಪ್ಯಾರಾ ಹೊಡೆಯುವುದು, ಮತ್ತೆ ಅವನು. ಹೊಳೆಯಪ್ಪನವರ ಬೆರಳು ಕೀಲಿಗಳ ಮೇಲೆ ಹೋಗುತ್ತಿದ್ದಾಗ ಸುಭಾಷ ಹಿಂದೆ ನಿಂತು ನೋಡಿದ. ಅವನು ಹುಟ್ಟಿದಾಗಿನಿಂದ ಆ ಸದ್ದು ಆ ಪಡಸಾಲೆಯಲ್ಲಿತ್ತು, ಮೊದಲು ಮೊಳೆಯದು, ಆಮೇಲೆ ಇದು. ಅವನಿಗೆ ಅದು ಈಗ ಹೊಸದಾಗಿ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವನು ನೋಡುತ್ತಿದ್ದದ್ದು ಡಿಸ್ಕಿನ ದೀಪವನ್ನು. ದೀಪ ಮಿನುಗಿ ಮಿನುಗಿ ಆರುತ್ತಿತ್ತು. ಸಂಜೆ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪೋಸ್ಟರೂ ಮುಗಿಯಿತು, ವರದಿಯ ಪುಟವೂ ಮುಗಿಯಿತು.

ಹುಬ್ಬಳ್ಳಿಯ ಆಪರೇಟರಿಗೆ ಫೋನು ಹೋಗಲಿಲ್ಲ. ಹಳೆಯ ಕಂಪ್ಯೂಟರ್ ದಸರೆಗೆ ಮೊದಲೇ ಒಂದು ಬೆಳಿಗ್ಗೆ ಪೂರ್ತಿ ನಿಂತಿತು. ಅದರ ಪೆಟ್ಟಿಗೆಯ ಮೇಲೆ ಈಗ ಕಾಗದದ ಕಟ್ಟು ಇಡುತ್ತಾರೆ. ಹೊಳೆಯಪ್ಪ ಹೊಸ ಕಂಪ್ಯೂಟರಿನೊಳಗಿನ ಹಳೆಯದರಲ್ಲಿ ಕೆಲಸ ಮಾಡಿದರು. ಲಾಕ್‌ಡೌನಿನಲ್ಲಿ ಬಸ್ಸು ನಿಂತಾಗ ಊರಲ್ಲೇ ಉಳಿದರು, ಬಸ್ಸು ಮತ್ತೆ ಶುರುವಾದಾಗ ಹೆಂಡತಿ ದೇವವ್ವ ಬೇಡವೆಂದದ್ದಕ್ಕೆ ಬರಲಿಲ್ಲ. ಆ ವೇಳೆಗೆ ಅವರಿಗೆ ಅರವತ್ತು ದಾಟಿತ್ತು. ಬಿಡುವ ದಿನವನ್ನು ಅವರು ಮನೆಯಲ್ಲಿ ಕುಳಿತು ತಾವೇ ಗೊತ್ತುಮಾಡಿದರು. ನೀಲಗಂಗವ್ವ ಸೀರೆ, ಧೋತರ ಕಟ್ಟಿ ಅಂತೂರ ಬೆಂತೂರಿಗೆ ತಾವೇ ಹೋಗಿ ಕೊಟ್ಟು ಬಂದರು.

ಶಾಹಿಸ್ತಾ ಈಗ ನಾಗಾವಿಯ ಕಡೆ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಯೂ ಹೊಸ ತಂತ್ರಾಂಶ ಬಂದರೆ ನೇರವಾಗಿ ಯಾರ ಯಂತ್ರಕ್ಕೂ ಹಾಕಗೊಡುವುದಿಲ್ಲ. ಮೊದಲು ಒಂದು ಒಳಗಿನ ಕಂಪ್ಯೂಟರ್ ಕಟ್ಟಿ, ಅದರಲ್ಲಿ ಕೆಡಿಸಿ ನೋಡುತ್ತಾರೆ. ಹೊಸಬರಿಗೆ ಹೇಳಿಕೊಡುವಾಗ ಬಾಡಿಗೆಯವರು ಎಂಬ ಶಬ್ದವನ್ನೇ ಬಳಸುತ್ತಾರೆ, ಕಾರಣ ಹೇಳುವುದಿಲ್ಲ. ವಾರಕ್ಕೊಮ್ಮೆ ಬೆಟಗೇರಿಯ ಪ್ರೆಸ್ಸಿಗೆ ಹೋಗಿ ಹಳೆಯ ಕಡತಗಳನ್ನು ತೆರೆದುಕೊಟ್ಟು ಬರುತ್ತಾರೆ.

ಆ ಶನಿವಾರ ತಾನು ಮನಸ್ಸು ಬದಲಿಸಿದ್ದು ಯಾಕೆಂದು ಸುಭಾಷನನ್ನು ಕೇಳಿದರೆ, ಅವನು ನಗುವಿನ ಸಂಗತಿ ಹೇಳುವುದಿಲ್ಲ. ಪೋಸ್ಟರ್ ಮುಗಿದ ಮೇಲೆ ತಾನು ಶಾಹಿಸ್ತಾ ಅವರನ್ನು ಒಂದೇ ಪ್ರಶ್ನೆ ಕೇಳಿದೆ ಎನ್ನುತ್ತಾನೆ. ಕಾಕಾನ ಇಲ್ಲೇ ಇಟ್ಟಕೊಂಡ್ರ ನನ್ನ ಕಂಪ್ಯೂಟರಿನಾಗ ಎಷ್ಟ ಪಾಲು ಅವರಿಗೆ ಹೋಗತೈತಿ ಎಂದು. ಅವರು ಎಂದಿನಂತೆ ಒಮ್ಮೆ ತೆರೆಯ ಕಡೆ ನೋಡಿ, ಖಾತ್ರಿ ಮಾಡಿಕೊಂಡು, ಹೇಳಿದರಂತೆ: “ಎಂಟರಾಗ ಒಂದ್‌ರಿ.”